ಫಿನ್ಲೆಂಡಿನ ಫೈಲಿನಲ್ಲಿ ನನ್ನ ಎರಡು ಪುಟ

ಹೊರಡುವ ಮುನ್ನ, ಬಸವನ ಬಾಗೇವಾಡಿ

ಅರ್ಜಿಯ ಹನ್ನೊಂದನೆಯ ಪ್ರಶ್ನೆ ಹೀಗಿತ್ತು: ಕಳೆದ ವರ್ಷ ನಿಮ್ಮ ಸಂಘದ ಮಕ್ಕಳಿಂದ ಎಷ್ಟು ದೂರು ಬಂದಿವೆ? ಅವನ್ನು ಹೇಗೆ ಬಗೆಹರಿಸಿದಿರಿ? ನಾನು ಪೆನ್ನು ಎತ್ತದೆ ‘ಒಂದೂ ಇಲ್ಲ’ ಎಂದು ಬರೆದೆ. ಬರೆದು, ಕೆಳಗೆ ಎರಡು ಗೆರೆಯನ್ನೂ ಎಳೆದೆ. ಇಪ್ಪತ್ತೆರಡು ವರ್ಷದಿಂದ ಈ ಊರಲ್ಲಿ ಸೀಟಿ ಊದುತ್ತಿರುವ ಮಹಾದೇವಿ ಟೀಚರ ಮೇಲೆ ದೂರು ಕೊಡುವ ಹುಡುಗಿ ಇನ್ನೂ ಹುಟ್ಟಿಲ್ಲ ಎಂಬ ಸೊಕ್ಕು ಆ ಗೆರೆಗಳಲ್ಲಿ ಇತ್ತು.

ನಾನು ಹಗಲಿಗೆ ಸಾಲಿಯಲ್ಲಿ ಪಿ.ಟಿ. ಟೀಚರ್, ಸಂಜೆಗೆ ಹುಡುಗಿಯರ ಖೋಖೋ ಸಂಘದ ಒಡತಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಲ್ಕೂ ಕಡೆಯ ಮಕ್ಕಳ ಆಟದ ಸಂಘಗಳಿಗೆ ಗುಣಮಟ್ಟದ ಮಾನ್ಯತೆ ಕೊಡುತ್ತೇವೆಂದು ಒಂದು ಸಂಸ್ಥೆಯವರು ಮುಂದೆ ಬಂದಿದ್ದರು. ಎಷ್ಟು ಕಪ್ ಗೆದ್ದಿರಿ ಎಂದು ಅವರು ಕೇಳುವುದಿಲ್ಲ. ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು ಕೇಳುತ್ತಾರೆ. ಪಾಸಾದರೆ ಮೈದಾನದ ಗೇಟಿಗೆ ಒಂದು ಫಲಕ. ನನಗೆ ಆ ಫಲಕ ಬೇಕೇ ಬೇಕಿತ್ತು. ಹುಡುಗಿಗೆ ಹದಿಮೂರು ತುಂಬಿದರೆ ಸಾಕು, ಮನೆಯವರು ‘ಇನ್ ಸಾಕ್ರಿ ಟೀಚರ್’ ಅನ್ನುತ್ತಾರೆ. ಹೊರಗಿನವರು ಬಂದು ನೋಡಿ ಒಪ್ಪಿದ ಜಾಗ ಇದು ಎಂದು ತೋರಿಸಿದರೆ ಇನ್ನೂ ಎರಡು ವರ್ಷ ಕಳಿಸಿಯಾರು ಎಂಬ ಆಸೆ.

ಆ ಮಳೆಗಾಲದಲ್ಲಿ ಮಸೂತಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಪವಿತ್ರಾ ಬರುವುದನ್ನು ಬಿಟ್ಟಿದ್ದಳು. ನನ್ನ ಕೈಯಲ್ಲಿ ಆಡಿದವರಲ್ಲಿ ಅವಳಷ್ಟು ಚುರುಕಿನವಳು ಇನ್ನೊಬ್ಬಳಿಲ್ಲ. ಬಿಡುವ ಮೊದಲು ಒಂದು ಸಂಜೆ, ‘ಟೀಚರ್, ಮೊಣಕಾಲ ನೋಯಾಕತ್ತೈತ್ರಿ’ ಅಂದಿದ್ದಳು. ನಾನು ಎಲ್ಲರ ಮುಂದೆ, ‘ಖೋಖೋ ಆಡೋರಿಗೆ ಮೊಣಕಾಲ ನೋಯ್ಲಾರದ ಮೂಗ ನೋಯ್ತೈತೇನ?’ ಅಂದೆ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮರುವಾರದಿಂದ ಅವಳಿಲ್ಲ. ಅವಳ ಹಿಂದೆಯೇ ಮಸೂತಿಯ ಇನ್ನಿಬ್ಬರೂ ಇಲ್ಲ. ಮನೆಗೆಲಸ ಇದ್ದೀತು ಎಂದುಕೊಂಡೆ. ಇದನ್ನು ದೂರಿನ ಲೆಕ್ಕಕ್ಕೆ ಸೇರಿಸಬೇಕೆಂದು ನನಗೆ ಹೊಳೆಯಲೇ ಇಲ್ಲ.

ಇಂಥ ಮಾನ್ಯತೆ ಎಷ್ಟೋ ಕಾಲದಿಂದ ನಡೆಯುತ್ತಿರುವ ಫಿನ್ಲೆಂಡಿಗೆ ಇಬ್ಬರು ತರಬೇತುದಾರರನ್ನು ಕಳಿಸುತ್ತೇವೆ ಎಂದಾಗ ನನ್ನ ಹೆಸರು ಬಂತು. ಇನ್ನೊಂದು ಹೆಸರು ಇಂಡಿಯ ಕಬಡ್ಡಿ ಮಾಸ್ತರ ಅಲ್ತಾಫರದು.

ಹೆಲ್ಸಿಂಕಿ, ಸೂಟ್‌ಕೇಸಿನ ಮುಂದೆ

ಇಂಡಿ ನಿಂಬೆ ಬೆಳೆಯುವ ಸೀಮೆ, ಅಲ್ಲಿಯವರು ಎಲ್ಲಿಗೆ ಹೋದರೂ ನಿಂಬೆಯನ್ನು ಬಿಟ್ಟು ಹೋಗುವುದಿಲ್ಲ. ಅಲ್ತಾಫ್ ಮಾಸ್ತರರ ಮನೆಯವರು ಎರಡು ಡಬ್ಬಿ ನಿಂಬೆ ಉಪ್ಪಿನಕಾಯಿ ಕಟ್ಟಿ ಕೊಟ್ಟಿದ್ದರು. ಒಂದರ ಮುಚ್ಚಳ ಆಕಾಶದಲ್ಲೆಲ್ಲೋ ಸಡಿಲವಾಗಿತ್ತು. ಸೂಟ್‌ಕೇಸ್ ತೆರೆದಾಗ ಅವರ ಬಿಳಿಯ ಟ್ರ್ಯಾಕ್‌ಸೂಟು ಅರಿಸಿನದ ಮದುಮಗನಂತೆ ಕೂತಿತ್ತು. ವಿಮಾನ ನಿಲ್ದಾಣದ ತಪಾಸಣೆಯ ಹೆಣ್ಣುಮಗಳು ಮೂಗು ಹತ್ತಿರ ತಂದು, ಕಣ್ಣಲ್ಲಿ ನೀರು ತುಂಬಿಕೊಂಡು, ಏನೂ ಕೇಳದೆ ಮುಚ್ಚಿಬಿಟ್ಟಳು.

‘ಏನೂ ಅನ್ಲಿಲ್ಲ ನೋಡ್ರಿ ಟೀಚರ್, ಚಲೋ ಮಂದಿ’ ಅಂದರು ಮಾಸ್ತರು.

ಏನೂ ಅನ್ನದಿರುವುದು ಆ ದೇಶದ ಜನರ ರೂಢಿ ಎಂದು ನಮಗೆ ಬಸ್ಸಿನಲ್ಲಿ ತಿಳಿಯಿತು. ಖಾಲಿ ಬಸ್ಸಿನಲ್ಲಿ ಒಬ್ಬೊಬ್ಬರೂ ಒಂದೊಂದು ಸೀಟು ಹಿಡಿದು, ಪಕ್ಕದಲ್ಲಿ ಚೀಲ ಇಟ್ಟು, ಕಿಟಕಿಯ ಹೊರಗೆ ನೋಡುತ್ತ ಕೂರುತ್ತಾರೆ. ಅಲ್ತಾಫ್ ಮಾಸ್ತರು ಅಷ್ಟು ಸೀಟು ಬಿಟ್ಟು ಒಬ್ಬ ಮುದುಕರ ಪಕ್ಕ ಹೋಗಿ ಕೂತು, ತಮ್ಮ ಇಂಗ್ಲಿಷಿನಲ್ಲಿ ಊರು ಯಾವುದು, ಮಕ್ಕಳೆಷ್ಟು ಎಂದು ಶುರು ಮಾಡಿದರು. ಮುದುಕರು ಎದ್ದು ಹೋಗುತ್ತಾರೆಂದು ನಾನು ಹೆದರಿದೆ. ಅವರು ಹೋಗಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು, ಇಳಿಯುವಾಗ ‘ಮೂವರು’ ಅಂದರು. ಮಾಸ್ತರರಿಗೆ ಅದೇ ದೊಡ್ಡ ಗೆಲುವು.

ಲೀಸಾಳ ಮನೆ

ತಾಂಪೆರೆ ನಗರದಿಂದ ಒಂದು ತಾಸಿನ ದಾರಿಯಲ್ಲಿ, ಕೆರೆಯ ದಂಡೆಯ ಸಣ್ಣ ಊರು. ಕೆರೆ ಎಂದೆ, ನಮ್ಮ ಆಲಮಟ್ಟಿ ಹಿನ್ನೀರಿನಷ್ಟು ಇತ್ತು. ಅವರ ಲೆಕ್ಕಕ್ಕೆ ಅದು ಸಣ್ಣದಂತೆ. ನಮ್ಮನ್ನು ಇಳಿಸಿಕೊಂಡವಳು ಲೀಸಾ. ಊರ ಬಸ್ಸು ಓಡಿಸುವುದು ಅವಳ ಕೆಲಸ, ಮಕ್ಕಳ ಕ್ರೀಡಾ ಸಂಘದ ಕಾರ್ಯದರ್ಶಿಯಾಗಿರುವುದು ಅವಳ ಸಂಜೆ. ಅವಳ ಸಂಘಕ್ಕೆ ಮಾನ್ಯತೆ ಸಿಕ್ಕು ವರ್ಷಗಳಾಗಿದ್ದವು. ಅದು ಒಮ್ಮೆ ಸಿಕ್ಕರೆ ಸಾಯುವ ತನಕ ಇರುವಂಥದ್ದಲ್ಲ, ಆಗಾಗ ಬಂದು ಮತ್ತೆ ಪರಿಶೀಲಿಸುತ್ತಾರೆ. ನಾವು ಹೋದ ವಾರದ ಕೊನೆಗೇ ಅಂಥ ಪರಿಶೀಲನೆ ಇತ್ತು.

ಬಾಗಿಲಲ್ಲಿ ಲೀಸಾ ನಮ್ಮ ಕಾಲು ನೋಡಿದಳು. ನಾವಾಗಲೇ ಚಪ್ಪಲಿ ಬಿಟ್ಟಿದ್ದೆವು. ‘ಇತರ ದೇಶದವರಿಗೆ ಇದನ್ನು ಹೇಳಿಕೊಡಬೇಕಾಗುತ್ತದೆ’ ಎಂದು ಅವಳಿಗೆ ಖುಷಿ. ಊಟಕ್ಕೆ ಕೊಟ್ಟ ಕಪ್ಪು ರೊಟ್ಟಿ ನಮ್ಮ ಕಡಕ್ ರೊಟ್ಟಿಯ ಸೋದರಸಂಬಂಧಿ. ನಾನು ಶೇಂಗಾ ಚಟ್ನಿಯ ಪೊಟ್ಟಣ ಬಿಚ್ಚಿದೆ. ಲೀಸಾ ಒಂದು ತುಂಡು ತಿಂದು ಸುಮ್ಮನಾದಳು, ಇನ್ನೊಂದು ತುಂಡು ತಿಂದು ಸುಮ್ಮನಾದಳು, ಪೊಟ್ಟಣ ಮುಗಿಯುವವರೆಗೂ ಹಾಗೇ ಸುಮ್ಮನಿದ್ದಳು.

‘ನಿಮ್ಮ ಸಂಘಕ್ಕೆ ದೂರು ಬರುತ್ತವೆಯೇ?’ ಎಂದು ಅವಳು ಕೇಳಿದಾಗ ನಾನು ಎದೆಯುಬ್ಬಿಸಿ ಹನ್ನೊಂದನೆಯ ಉತ್ತರ ಹೇಳಿದೆ. ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ ತಟ್ಟೆ ತೊಳೆಯಲು ಎದ್ದಳು. ಮೆಚ್ಚಿಗೆಯೆಂದೇ ತಿಳಿದೆ.

ಆಟದ ಮನೆ, ಮೊದಲ ದಿನ

ಆಟಕ್ಕೆ ಅಲ್ಲಿ ಮೈದಾನಕ್ಕಿಂತ ಮನೆಯೇ ದೊಡ್ಡದು. ಚಳಿಯ ದೇಶ, ಮರದ ನೆಲ, ಎತ್ತರದ ಚಾವಣಿ. ಒಳಗೆ ಬಂದರೆ ಮೊದಲು ಕಾಫಿಯ ವಾಸನೆ: ಅಪ್ಪ ಅಮ್ಮಂದಿರು ಸರದಿಯಂತೆ ಅಂಗಡಿ ಇಟ್ಟು ಏಲಕ್ಕಿ ಹಾಕಿದ ಬನ್ನು ಮಾರುತ್ತಾರೆ. ನೆಲ ಒರೆಸುತ್ತಿದ್ದವರು ವಕೀಲರಂತೆ, ಅವರ ಹಿಂದೆ ಬಕೆಟ್ ಹಿಡಿದವರು ಮರಗೆಲಸದವರಂತೆ.

‘ಸಾಹೇಬರು ಯಾರು, ಆಳು ಯಾರು, ಒಂದೂ ಗೊತ್ತಾಗವಲ್ದು’ ಎಂದು ಅಲ್ತಾಫ್ ಮಾಸ್ತರು ಗೊಣಗಿದರು. ಹತ್ತು ನಿಮಿಷದಲ್ಲಿ ಅವರೂ ಒಂದು ಬಕೆಟ್ ಹಿಡಿದಿದ್ದರು.

ಗೋಡೆಯ ಮೇಲೆ ಕಪ್ಪುಗಳ ಕಪಾಟು ಹುಡುಕಿದೆ. ಅದು ಹಿಂದಿನ ಮೂಲೆಯಲ್ಲಿತ್ತು. ಬಾಗಿಲ ಎದುರಿಗೆ, ಮಕ್ಕಳ ಕಣ್ಣಿನ ಎತ್ತರಕ್ಕೆ, ಲೀಸಾಳ ಫೋಟೊ. ಕೆಳಗೆ ಬರೆದದ್ದನ್ನು ಅವಳೇ ಓದಿ ಹೇಳಿದಳು: ‘ಇಲ್ಲಿ ಬೇಸರವಾದರೆ, ಹೆದರಿಕೆಯಾದರೆ, ನೋವಾದರೆ ನನಗೆ ಹೇಳಿ.’ ನಮ್ಮಲ್ಲಿ ಆ ಎತ್ತರಕ್ಕೆ ಗೋಡೆಯ ಮೇಲೆ ಮಕ್ಕಳ ಕೈಯ ಕೊಳೆ ಬಿಟ್ಟರೆ ಏನೂ ಇರುವುದಿಲ್ಲ.

ಆ ದಿನ ನನಗೆ ಒಂದು ತಾಸು ಕೊಟ್ಟಿದ್ದರು, ಖೋಖೋ ಕಲಿಸಲು. ಚೆಂಡಿಲ್ಲ, ಕೋಲಿಲ್ಲ, ಸಾಲಾಗಿ ಕುಕ್ಕರಗಾಲಲ್ಲಿ ಕೂತು ಬೆನ್ನು ಮುಟ್ಟಿಸಿಕೊಂಡು ಎದ್ದು ಓಡುವ ಆಟ ಎಂದಾಗ ಆ ಮಕ್ಕಳಿಗೆ ಸೋಜಿಗ. ಅವರು ‘ಖೋ’ ಅನ್ನುವುದನ್ನು ಗ್ರಂಥಾಲಯದಲ್ಲಿ ಕೂತವರಂತೆ ಅನ್ನುತ್ತಿದ್ದರು. ನನಗೆ ಮೈ ಉರಿಯಿತು. ಐನೊ ಎಂಬ ಒಂಬತ್ತು ವರ್ಷದವಳು ಓಡುವಾಗ ಮತ್ತೆ ಮತ್ತೆ ಹಿಂದೆ ತಿರುಗುತ್ತಿದ್ದಳು. ಬೆನ್ನಟ್ಟುವವರು ಹಿಂದೆ ತಿರುಗುವಂತಿಲ್ಲ ಎಂಬುದು ಖೋಖೋದ ಮೊದಲ ಪಾಠ. ಮೂರನೇ ಸಲ ತಿರುಗಿದಾಗ ನಾನು ಅವಳ ಭುಜ ಹಿಡಿದು ನೇರ ಮಾಡಿ, ಬಾಗೇವಾಡಿ ಬಸ್‌ಸ್ಟ್ಯಾಂಡಿಗೆ ಕೇಳುವ ದನಿಯಲ್ಲಿ, ‘ಹಿಂದ ನೋಡಬ್ಯಾಡಲೇ!’ ಎಂದೆ.

ಆ ಮನೆಯಲ್ಲಿದ್ದ ಎಲ್ಲ ಸದ್ದೂ ನಿಂತಿತು. ಅಂಗಡಿಯಲ್ಲಿ ಕಾಫಿ ಸುರಿಯುತ್ತಿದ್ದವರ ಕೈ ಕೂಡ ನಿಂತಿತ್ತು. ಐನೊ ಅಳಲಿಲ್ಲ. ಬದಿಗೆ ಹೋಗಿ ಕೂತು ಶೂ ಲೇಸು ಬಿಚ್ಚಿದಳು, ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿದಳು.

ಅದೇ ದಿನ, ಊಟದ ಮೇಜು

‘ನಿಮ್ಮ ಮೇಲೆ ಒಂದು ದೂರು ಬಂದಿದೆ’ ಅಂದಳು ಲೀಸಾ. ಹೇಳಿ, ನನ್ನ ಬಟ್ಟಲಿಗೆ ಇನ್ನೊಂದು ಸೌಟು ಹಣ್ಣಿನ ಗಂಜಿ ಬಡಿಸಿದಳು.

ನಮ್ಮಲ್ಲಿ ಮನೆಗೆ ಬಂದವರು ಗಡಿಗೆ ಒಡೆದರೂ ‘ಹಳೇದಿತ್ತು ಬಿಡ್ರಿ’ ಅನ್ನುತ್ತೇವೆ. ಇವಳು ಬಡಿಸುತ್ತಲೇ ಹೇಳಿದಳು. ನನಗೆ ಕೆನ್ನೆ ಬಿಸಿಯಾಯಿತು. ಐನೊ ಹೇಳಿದ್ದನ್ನು ಅವಳು ಹಾಳೆಯಲ್ಲಿ ಬರೆದುಕೊಂಡಿದ್ದಳು, ಓದಿದಳು: ‘ಅತಿಥಿ ಟೀಚರ್ ನನ್ನ ಭುಜ ಹಿಡಿದರು. ಜೋರಾಗಿ ಕೂಗಿದರು. ನನಗೆ ಆಟ ಇಷ್ಟವಾಗಿತ್ತು. ಈಗ ಇಷ್ಟವಿಲ್ಲ.’

‘ನಮ್ಮ ಕಡೆ ಅದು ಕೂಗುವುದಲ್ಲ, ಮಾತಾಡುವುದು’ ಅಂದೆ. ಅಲ್ತಾಫ್ ಮಾಸ್ತರು ನನ್ನ ಪರ ವಹಿಸಿ, ‘ಟೀಚರ್ ಪ್ರೀತಿಯಿಂದನ ಹೇಳ್ಯಾರ ಅಂತ ತಿಳಿಸಿ ಹೇಳ್ರಿ ಆಕಿಗೆ’ ಎಂದು ಕನ್ನಡದಲ್ಲೇ ಲೀಸಾಳಿಗೆ ಹೇಳಿದರು.

ಲೀಸಾ ಜಗಳಕ್ಕೆ ಬರಲಿಲ್ಲ. ‘ಇರಬಹುದು. ನಿಮ್ಮ ಉತ್ತರವನ್ನೂ ಬರೆದುಕೊಳ್ಳುತ್ತೇನೆ. ಇದು ಫೈಲಿಗೆ ಹೋಗುತ್ತದೆ’ ಅಂದಳು. ನಾಲ್ಕು ದಿನದಲ್ಲಿ ಪರಿಶೀಲನೆ ಇಟ್ಟುಕೊಂಡು ತನ್ನ ಸಂಘದ ಫೈಲಿಗೆ ತಾನೇ ಕಲ್ಲು ಹಾಕಿಕೊಳ್ಳುವ ಇವಳಿಗೆ ತಲೆ ಕೆಟ್ಟಿದೆ ಎಂದುಕೊಂಡೆ. ‘ಹರಿದು ಹಾಕಿ, ಯಾರಿಗೆ ಗೊತ್ತಾಗುತ್ತದೆ?’ ಎಂದೆ.

ಲೀಸಾ ಹಾಳೆಯನ್ನು ಫೈಲಿಗೆ ಸೇರಿಸುತ್ತ, ‘ಐನೊಗೆ ಗೊತ್ತಾಗುತ್ತದೆ’ ಅಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ನಾನು ಚೆನ್ನಾಗಿ ಮಲಗಿದೆ, ಸಿಟ್ಟು ಬಂದಾಗ ನನಗೆ ಗಾಢ ನಿದ್ದೆ. ಬೆಳಿಗ್ಗೆ ಹಲ್ಲುಜ್ಜುವಾಗ ಮಾತ್ರ ಮಸೂತಿಯ ಪವಿತ್ರಾ ನೆನಪಾದಳು. ಅವಳು ನಕ್ಕದ್ದು ನೆನಪಾಯಿತು. ಹೇಳಿಕೊಳ್ಳಲು ಅವಳಿಗೆ ನಮ್ಮಲ್ಲಿ ಯಾರ ಫೋಟೊ ಇತ್ತು? ಹೇಳಬೇಕಿದ್ದದ್ದು ನನಗೆ, ಹೇಳಬೇಕಿದ್ದ ದೂರೂ ನನ್ನ ಮೇಲೆಯೇ.

ಎರಡನೆಯ ದಿನ

ಐನೊಳ ಮುಂದೆ ಮಂಡಿಯೂರಿ ಕೂತೆ. ಅವಳಿಗೆ ನನ್ನ ಇಂಗ್ಲಿಷ್ ಬಾರದು, ನನಗೆ ಅವಳ ಭಾಷೆ ಬಾರದು. ಲೀಸಾ ಇದ್ದಳು, ಆದರೂ ನನಗೆ ಮಾತು ಕನ್ನಡದಲ್ಲೇ ಬಂತು: ‘ತಪ್ಪಾತವ್ವಾ.’ ಇಪ್ಪತ್ತೆರಡು ವರ್ಷದಲ್ಲಿ ಯಾವ ಹುಡುಗಿಗೂ ನಾನು ಆಡದಿದ್ದ ಮಾತು ಅದು. ಲೀಸಾ ಅದನ್ನು ತಿರುಗಿಸಿ ಹೇಳುವ ಮೊದಲೇ ಐನೊ ತಲೆಯಾಡಿಸಿದಳು. ಲೇಸು ಬಿಗಿಯಾಗಿ ಕಟ್ಟಿಕೊಂಡು ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ಎದ್ದು ಓಡುವಾಗ ಒಮ್ಮೆ ಹಿಂದೆ ತಿರುಗಿದಳು. ನಾನು ಬಾಯಿ ಮುಚ್ಚಿಕೊಂಡು ಕೈಯಲ್ಲಿ ಮುಂದಕ್ಕೆ ತೋರಿಸಿದೆ. ಮೂರನೇ ಓಟಕ್ಕೆ ಅವಳೇ ಸರಿ ಮಾಡಿಕೊಂಡು ‘ಖೋ!’ ಎಂದು ಕಿರುಚಿದಳು, ಅಂಗಡಿಯವರು ಮತ್ತೆ ತಿರುಗಿ ನೋಡುವಷ್ಟು ಜೋರಾಗಿ.

ಪರಿಶೀಲನೆಯ ದಿನ

ಇಷ್ಟಾದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ಆದರೆ ನಮ್ಮ ಕಡೆಯವರ ಮೈಯಲ್ಲಿ ಒಂದು ಗುಣ ಇದೆ. ತಪಾಸಣೆಗೆ ಸಾಹೇಬರು ಬರುತ್ತಾರೆಂದರೆ ಶಾಲು, ಹಣ್ಣಿನ ಬುಟ್ಟಿ, ಸಾಲಾಗಿ ನಿಂತ ಮಕ್ಕಳು, ‘ನಮಸ್ಕಾರ್ರೀ ಸರ’. ಸತ್ಕಾರ ಮುಗಿಯದೆ ಯಾವ ಫೈಲೂ ತೆರೆಯುವುದಿಲ್ಲ. ಅಲ್ತಾಫ್ ಮಾಸ್ತರೂ ನಾನೂ ಊರಿಂದಲೇ ಒಂದು ಶಾಲು ತಂದಿದ್ದೆವು. ಲೀಸಾಳಿಗೆ ಸಂತೋಷವಾಗಲಿ ಎಂದು ಅವಳಿಗೆ ಹೇಳದೆ ಸೇಬಿನ ಬುಟ್ಟಿಯನ್ನೂ ಜೋಡಿಸಿದೆವು.

ಪರಿಶೀಲಕ ತಿಮೋ ಎಂಬವನು ಕರೆಂಟಿನ ಕಂಬದಷ್ಟು ಉದ್ದ. ನಾನು ಬೆಂಚಿನ ಮೇಲೆ ಹತ್ತಿ ಶಾಲು ಹೊದಿಸಿದೆ. ಮಾಸ್ತರು ಬುಟ್ಟಿ ಕೊಟ್ಟು ಚಪ್ಪಾಳೆ ತಟ್ಟಿದರು. ಬೇರೆ ಯಾರೂ ತಟ್ಟಲಿಲ್ಲ. ತಿಮೋ ಶಾಲು ಹೊದ್ದುಕೊಂಡೇ ಲೀಸಾಳ ಮುಖ ನೋಡಿದ, ಲೀಸಾ ನನ್ನ ಮುಖ ನೋಡಿದಳು. ಆಮೇಲೆ ಅವನು ಜೇಬಿನಿಂದ ಪೆನ್ನು ತೆಗೆದು ಬರೆಯತೊಡಗಿದ.

ತೀರ್ಮಾನವಾಗುವ ತನಕ ಪರಿಶೀಲಕ ಯಾರಿಂದಲೂ ಏನನ್ನೂ ಪಡೆಯುವಂತಿಲ್ಲ, ಪಡೆದರೆ ದಾಖಲಿಸಬೇಕು. ಸೇಬನ್ನು ಮಕ್ಕಳಿಗೆ ಹಂಚಿದರು. ಶಾಲನ್ನು ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರು.

‘ಶಾಲಿಗೂ ಜೈಲೇನ್ರಿ?’ ಎಂದು ಮಾಸ್ತರು ನನ್ನ ಕಿವಿಯಲ್ಲಿ ಅಂದರು. ನಗು ಬರುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅನ್ನ ಹಾಕಿದವಳ ಸಂಘಕ್ಕೆ ಒಂದೇ ವಾರದಲ್ಲಿ ಎರಡು ಸಲ ಕುತ್ತು ತಂದಿದ್ದೆ. ಒಂದು ಪುಟ ನಾನು ಕೂಗಿದ್ದು, ಇನ್ನೊಂದು ಪುಟ ನಾನು ಹೊದಿಸಿದ್ದು.

ತಿಮೋ ಫೈಲು ನೋಡಿದ್ದು ಸ್ವಲ್ಪ ಹೊತ್ತು, ಮಕ್ಕಳ ಜತೆ ನೆಲದ ಮೇಲೆ ಕೂತದ್ದು ಬಹಳ ಹೊತ್ತು. ಲೀಸಾ ನನಗೆ ಮೆಲ್ಲಗೆ ಹೇಳುತ್ತ ಹೋದಳು. ಇಲ್ಲಿ ಬೇಸರವಾದರೆ ಯಾರಿಗೆ ಹೇಳುತ್ತೀರಿ ಎಂದು ಅವನು ಕೇಳಿದ. ಮಕ್ಕಳೆಲ್ಲ ಲೀಸಾಳತ್ತ ಕೈ ತೋರಿಸಿದರು. ಯಾರಾದರೂ ಹೇಳಿದ್ದೀರಾ? ಐನೊ ಕೈ ಎತ್ತಿದಳು. ಯಾರ ಮೇಲೆ? ಐನೊ ನನ್ನತ್ತ ಬೆರಳು ಮಾಡಿದಳು, ಸೇಬು ತಿನ್ನುತ್ತಲೇ. ಆಮೇಲೇನಾಯಿತು?

‘ಅವರು ಕ್ಷಮೆ ಕೇಳಿದರು. ಈಗ ನಾನು ಚೆನ್ನಾಗಿ ಖೋ ಕೊಡುತ್ತೇನೆ’ ಅಂದಳಂತೆ.

ಹೊರಡುವ ಮುನ್ನ ತಿಮೋ ನನ್ನ ಹತ್ತಿರ ಬಂದ. ನಮ್ಮೂರಿನ ಅರ್ಜಿಯ ಬಗ್ಗೆ ಲೀಸಾ ಹೇಳಿದ್ದಳೋ ಏನೋ ಗೊತ್ತಿಲ್ಲ. ‘ತುಂಬ ದೂರುಗಳಿರುವ ಸಂಘಕ್ಕೆ ಹೋದರೆ ನಾನು ಬೇಗ ಮನೆಗೆ ಹೋಗುತ್ತೇನೆ. ಒಂದೂ ಇಲ್ಲದ ಸಂಘದಲ್ಲಿ ಸಂಜೆಯ ತನಕ ಕೂರುತ್ತೇನೆ’ ಅಂದ.

ನಾವು ಹೊರಡುವ ಹಿಂದಿನ ದಿನ ಲೀಸಾಳ ಸಂಘಕ್ಕೆ ಮಾನ್ಯತೆ ಮುಂದುವರಿಯಿತು ಎಂದು ತಿಳಿಯಿತು. ಅವಳು ಕಪಾಟಿನ ಬೀಗ ತೆಗೆದಳು. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ನಮ್ಮನ್ನು ಕಳಿಸಲು ಬಂದ ತಿಮೋನ ಹೆಗಲ ಮೇಲೆ ನಮ್ಮ ಶಾಲು ಇತ್ತು. ಯಾರೂ ಏನೂ ಅನ್ನಲಿಲ್ಲ, ನಾವೂ ಕಲಿತಿದ್ದೆವು.

ಮಸೂತಿ

ಮನೆಗೆ ಬಂದ ಮೂರನೆಯ ದಿನ ಮಸೂತಿಯ ಬಸ್ಸು ಹತ್ತಿದೆ. ಪವಿತ್ರಾಳ ತಾಯಿ ಶಾಂತವ್ವ ಹೊಲಿಗೆ ಮಷಿನಿನ ಮುಂದೆ ಕೂತಿದ್ದರು. ‘ಬರ್ರಿ ಟೀಚರ್, ಕುಂದರ್ರಿ, ಚಾ ಇಡ್ತೇನಿ’ ಎಂದು ಬ್ಲೌಸಿನ ತುಂಡುಗಳನ್ನು ಸರಿಸಿದರು. ಪವಿತ್ರಾ ಬಾಗಿಲಿಗೆ ಒರಗಿ ನಿಂತಳು.

‘ಮೊಣಕಾಲ ಹೆಂಗೈತಿ?’

‘ಈಗ ಆರಾಮೈತ್ರಿ. ಬೆಳಿಯೋ ವಯಸ್ಸಿನಾಗ ಹಂಗಾಗ್ತೈತಿ, ಎರಡ ತಿಂಗಳ ಓಡಬ್ಯಾಡ ಅಂದಿದ್ರು ಡಾಕ್ಟರು.’

‘ಮತ್ತ ನನಗ್ಯಾಕ ಹೇಳಲಿಲ್ಲ?’

‘ಹೇಳಿದ್ನೆಲ್ರಿ ಟೀಚರ್.’

ಪವಿತ್ರಾಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಇದ್ದದ್ದನ್ನು ಹೇಳಿದ್ದಳು ಅಷ್ಟೇ. ಮಗುವಿನ ಮುಂದೆ ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

ಚೀಲದಿಂದ ಹೊಸ ನೋಟ್‌ಬುಕ್ ತೆಗೆದೆ. ‘ಆವತ್ತ ಆಗಿದ್ದನ್ನ ಇದರಾಗ ಬರಿಯವ್ವಾ.’

‘ಬರದ್ರ ಏನ್ ಮಾಡ್ತೀರಿ?’

‘ಸಂಘದ ಫೈಲಿನಾಗ ಮೊದಲನೇ ಪುಟ ಮಾಡ್ತೇನಿ.’

ಅವಳು ತಾಯಿಯ ಮುಖ ನೋಡಿದಳು. ಶಾಂತವ್ವ, ‘ಟೀಚರ ಕೇಳಾಕತ್ತಾರ, ಬರಿ’ ಅಂದರು. ಪವಿತ್ರಾ ನೆಲದ ಮೇಲೆ ಕೂತು, ಸಾಲಿಯ ಅಕ್ಷರದಲ್ಲಿ ನಾಲ್ಕು ಸಾಲು ಬರೆದಳು: ‘ಮೊಣಕಾಲು ನೋಯುತ್ತದೆ ಎಂದು ಟೀಚರಿಗೆ ಹೇಳಿದೆ. ಅವರು ಮೂಗಿನ ಮಾತು ಹೇಳಿ ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ. ಮನೆಗೆ ಬಂದು ಅತ್ತೆ.’

‘ತಪ್ಪಾತವ್ವಾ’ ಅಂದೆ. ಎರಡನೇ ಸಲಕ್ಕೆ ಆ ಮಾತು ಸ್ವಲ್ಪ ಸಲೀಸಾಗಿತ್ತು.

ಮತ್ತೆ ಬಾಗೇವಾಡಿ

ಫಿನ್ಲೆಂಡಿನ ಕತೆ ಇಲ್ಲಿಗೆ ಮುಗಿಯಬೇಕು, ಆದರೆ ಪ್ರವಾಸ ಮುಗಿದದ್ದು ನಮ್ಮ ಮೈದಾನದಲ್ಲಿ. ನಮ್ಮ ಪರಿಶೀಲನೆಗೆ ಇಬ್ಬರು ಬಂದರು, ಮುದ್ದೇಬಿಹಾಳದ ನಿವೃತ್ತ ಮಾಸ್ತರರು, ಸಿಂದಗಿಯ ನರ್ಸ್ ಬಾಯಿಯವರು. ಶಾಲಿಲ್ಲ, ಬುಟ್ಟಿಯಿಲ್ಲ, ನೀರು ಕೊಟ್ಟೆ. ಮುದ್ದೇಬಿಹಾಳದ ಮಾಸ್ತರರಿಗೆ ಒಳಗೊಳಗೇ ಬೇಜಾರಾಗಿತ್ತು ಎಂದು ಈಗಲೂ ನನ್ನ ಗುಮಾನಿ.

ಗಿಡದ ನೆರಳಲ್ಲಿ ಕೂತು ಅವರು ಫೈಲು ತೆರೆದರು. ಹನ್ನೊಂದನೆಯ ಪ್ರಶ್ನೆಯ ಹಳೆಯ ಉತ್ತರವನ್ನು ನಾನು ಹೊಡೆದುಹಾಕಿದ್ದೆ. ಮಾಸ್ತರರು ಮೊದಲ ಪುಟ ಓದಿದರು, ಕನ್ನಡಕ ಒರೆಸಿ ಮತ್ತೆ ಓದಿದರು.

‘ಟೀಚರ್, ನಿಮ್ಮ ಒಳ್ಳೇದಕ್ಕ ಹೇಳ್ತೇನಿ. ಈ ಪುಟ ತಗದ ಬಿಡ್ರಿ. ಫೈಲಿಗೆ ಚಲೋ ಕಾಣಂಗಿಲ್ಲ. ಫಲಕ ಕೈ ತಪ್ಪೀತು.’

ಫಲಕ ಹಾಕಬೇಕೆಂದಿದ್ದ ಗೇಟಿನ ಕಡೆ ನೋಡಿದೆ. ಇಪ್ಪತ್ತೆರಡು ವರ್ಷದಲ್ಲಿ ಮಧ್ಯಕ್ಕೇ ಬಿಟ್ಟುಹೋದ ಎಷ್ಟೋ ಹುಡುಗಿಯರ ಮುಖಗಳು ಕಣ್ಣ ಮುಂದೆ ಬಂದವು.

‘ಬ್ಯಾಡ್ರಿ. ಆ ಪುಟ ತಗದ್ರ ಆಕಿಗೆ ಗೊತ್ತಾಗ್ತೈತಿ’ ಅಂದೆ.

ಮೈದಾನದಲ್ಲಿ ಆಟ ನಡೆದಿತ್ತು. ಪವಿತ್ರಾ ಮರಳಿ ಬಂದು ಹದಿನೈದು ದಿನವಾಗಿತ್ತು, ಮಸೂತಿಯ ಇನ್ನಿಬ್ಬರೂ ಅವಳ ಹಿಂದೆಯೇ ಬಂದಿದ್ದರು. ಬೆನ್ನಿಗೆ ಖೋ ಬಿತ್ತು, ಅವಳು ಎದ್ದು ಓಡಿದಳು. ಎದುರಿನವಳು ಕೈಗೆ ಸಿಗುವಷ್ಟು ಹತ್ತಿರ ಇದ್ದಳು. ಎರಡು ಹೆಜ್ಜೆ ಇಟ್ಟ ಪವಿತ್ರಾ ನಿಂತುಬಿಟ್ಟಳು. ಪರಿಶೀಲಕರು ನೋಡುತ್ತಿದ್ದಾರೆ ಎಂಬುದು ಗೊತ್ತಿದ್ದೂ ಕೈ ಮೇಲೆತ್ತಿದಳು.

‘ಟೀಚರ್, ನೋಯಾಕತ್ತೈತ್ರಿ. ನಾ ಕುಂದರ್ತೇನಿ.’

ಯಾರೂ ನಗಲಿಲ್ಲ. ನಾನು ನೀರಿನ ಬಾಟಲಿಯನ್ನೂ ಒದ್ದೆ ಬಟ್ಟೆಯನ್ನೂ ತಗೊಂಡು ಓಡಿದೆ. ನರ್ಸ್ ಬಾಯಿಯವರು ನನ್ನ ಹಿಂದೆಯೇ ಬಂದು ಮೊಣಕಾಲು ಒತ್ತಿ ನೋಡಿ, ಏನಿಲ್ಲ, ಇವತ್ತು ಸಾಕು ಅಂದರು. ಮುದ್ದೇಬಿಹಾಳದ ಮಾಸ್ತರರು ಗಿಡದ ನೆರಳಿಂದ ನಮ್ಮನ್ನೇ ನೋಡುತ್ತಿದ್ದರು. ಆಮೇಲೆ ಆ ಪುಟವನ್ನು ಇದ್ದಲ್ಲೇ ಬಿಟ್ಟು ಫೈಲು ಮುಚ್ಚಿದರು. ಫಲಕ ಬಂದದ್ದು ತಿಂಗಳ ಮೇಲೆ. ಈಗ ಅದು ಗೇಟಿಗಿದೆ.

ಆದರೆ ನನಗೆ ಬೇಕಾಗಿದ್ದದ್ದು ಆ ಸಂಜೆಯೇ ಸಿಕ್ಕಿತ್ತು. ಮೊಣಕಾಲಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತ ಪವಿತ್ರಾ, ಬಸ್ಸಿನ ಹೊತ್ತಾಗುತ್ತಲೇ ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಹೇಳಿದಳು:

‘ನಾಳೆ ಬರ್ತೇನ್ರಿ ಟೀಚರ್. ನೋವಿದ್ರ ಹೇಳ್ತೇನಿ.’